ನೂರು ಮೊಟ್ಟೆಯ ಗಿರಾಕಿ

ಒಂಬತ್ತು ಕೋಳಿ ಸಾಕುವುದು ಕಷ್ಟವಲ್ಲ, ಆ ಒಂಬತ್ತು ಕೋಳಿಯ ಸುತ್ತ ಇರುವ ಮನುಷ್ಯರನ್ನು ಸಹಿಸುವುದೇ ಕಷ್ಟ. ಗಂಗುಲಮ್ಮನಿಗೆ ಇದು ದಿಬ್ಬೂರಹಳ್ಳಿಗೆ ಸೊಸೆಯಾಗಿ ಬಂದ ಕೆಲವೇ ವರ್ಷಗಳಲ್ಲಿ ಗೊತ್ತಾಗಿಹೋಗಿತ್ತು. ಕೋಳಿಗಳು ಪಾಪ, ಹಿತ್ತಲಲ್ಲಿ ಕೆದಕಿ ತಿಂದು, ಸಂಜೆ ಕರೆದರೆ ಬಂದು ಮಂಕರಿಯ ಕೆಳಗೆ ಕೂರುತ್ತಿದ್ದವು. ಮನುಷ್ಯರು ಹಾಗಲ್ಲ. ಈ ಕೋಳಿಗಳು ತನ್ನ ಹುಲ್ಲಿನ ಬಣವೆಯಲ್ಲಿ ಇಟ್ಟ ಮೊಟ್ಟೆ ಬಣವೆಯದು, ಅಂದರೆ ತನ್ನದು ಎಂದು ವಾದಿಸುವ ಪಕ್ಕದ ಮನೆ ಓಬಳಮ್ಮ ಒಬ್ಬಳು. ಮೈನೆರೆದ ಮಗಳಿಗೆ ಎಳ್ಳೆಣ್ಣೆಯ ಜೊತೆ ಕುಡಿಸಲು ನಾಟಿ ಮೊಟ್ಟೆಯೇ ಬೇಕೆಂದು ಬೆಳಗಾಗುವ ಮೊದಲೇ ಬಾಗಿಲು ಬಡಿದು ಸಾಲ ಒಯ್ದವರು, ಆಮೇಲೆ ಬೀದಿಯಲ್ಲಿ ಎದುರಾದರೆ ಆಕಾಶ ನೋಡಿಕೊಂಡು ಹೋಗುತ್ತಿದ್ದರು. ಇನ್ನು ಗಂಡ ಕೋನಪ್ಪನದಂತೂ ಬೇರೆಯೇ ಕಥೆ.

ಕೋನಪ್ಪ ರೇಷ್ಮೆಹುಳ ಸಾಕುವವನು. ಹುಳವೆಂದರೆ ಅವನಿಗೆ ದೇವರು. ಹುಳದ ಕೋಣೆಗೆ ಕಾಲು ತೊಳೆದು ಹೋಗಬೇಕು, ಒಗ್ಗರಣೆಯ ಘಾಟು ಆ ಕಡೆ ಸುಳಿಯಬಾರದು. ಸೊಪ್ಪು ಕೊಯ್ಯುವವಳು, ಹೆಚ್ಚುವವಳು, ತಟ್ಟೆಗೆ ಹಾಕುವವಳು, ಹಿಕ್ಕೆ ಬಾಚುವವಳು ಗಂಗುಲಮ್ಮ. ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ದು, ಹೊಸ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬರುವವನು ಕೋನಪ್ಪ. ಬೆಳೆ ಚೆನ್ನಾಗಿ ಬಂದರೆ ಅದು ಅವನ ಕೈಗುಣ, ಹಾಳಾದರೆ ಹೆಂಡತಿಯ ಕೋಳಿಗಳ ಕಾಟ. ಎಂಥ ಲೆಕ್ಕಾಚಾರವೋ!

ಎಂಬತ್ತೆಂಟರ ಯುಗಾದಿ ಹತ್ತಿರ ಬಂದಾಗ ಅವಳ ಕೆಂಪು ಹುಂಜ ಹುಳದ ಕೋಣೆಗೆ ನುಗ್ಗಿ ಒಂದು ತಟ್ಟೆಯ ಹುಳವನ್ನು ಹೆಕ್ಕಿಬಿಟ್ಟಿತು. ಬಾಗಿಲು ತೆರೆದಿಟ್ಟು ಬೀಡಿ ತರಲು ಹೋಗಿದ್ದವನು ಕೋನಪ್ಪನೇ. ಆದರೆ ಅದನ್ನು ಕೇಳುವವರು ಯಾರು? ಅವನು ಅಂಗಳದಲ್ಲಿ ನಿಂತು ಊರಿಗೆಲ್ಲ ಕೇಳುವ ಹಾಗೆ ಕೂಗಿದ.

"ವರ್ಷತೊಡಕಿಗೆ ಒಂಬತ್ತನ್ನೂ ಕೊಯ್ದು ನೆಂಟರಿಗೆ ಬಡಿಸ್ತೀನಿ, ನೋಡ್ತಾ ಇರು! ಇವುಗಳಿಂದ ಈ ಮನೆಗೆ ಏನ್ ಬಂದೈತೆ ಅಂತ ಒಂದು ತೋರ್ಸು, ಬಿಟ್ಬಿಡ್ತೀನಿ."

ಗಂಗುಲಮ್ಮನಿಗೆ ಮೈಯೆಲ್ಲ ಉರಿಯಿತು. ಬಂದಿದ್ದೆಲ್ಲ ಸೀಮೆಎಣ್ಣೆಯಾಗಿ, ಸೋಪಾಗಿ, ಮಗಳ ಜಡೆಯ ಟೇಪಾಗಿ ಅದೇ ಮನೆಯಲ್ಲಿ ಕರಗಿಹೋಗಿತ್ತು. ಕರಗಿದ್ದನ್ನು ತೋರಿಸುವುದು ಹೇಗೆ? ಇವನೋ ಕೊಯ್ಯುತ್ತೇನೆಂದರೆ ಕೊಯ್ಯುವವನೇ. ವರ್ಷತೊಡಕೆಂದರೆ ಯುಗಾದಿಯ ಮಾರನೆಯ ದಿನ, ಅವತ್ತು ಊರಿನಲ್ಲಿ ಮಾಂಸದಡುಗೆ ಇಲ್ಲದ ಮನೆಯೇ ಇರುವುದಿಲ್ಲ. ಅವತ್ತು ಕೋಳಿ ಹೋದರೆ ಯಾರೂ ಅಯ್ಯೋ ಎನ್ನುವುದಿಲ್ಲ, ಇನ್ನೊಂದು ತುತ್ತು ಉಣ್ಣುತ್ತಾರೆ ಅಷ್ಟೆ.

ಅದೇ ವಾರ ಚಿಂತಾಮಣಿ ಬಸ್ಸಿನ ಕಂಡಕ್ಟರ್ ಖಲೀಮುಲ್ಲಾ ಬಾಯಿ ಬಿಟ್ಟಿದ್ದು. ತನ್ನ ತಾಯಿ ಜಾನ್ ಬೀ ಅವರಿಗೆಂದು ಗಂಗುಲಮ್ಮನ ಹತ್ತಿರ ಆಗಾಗ ನಾಟಿ ಮೊಟ್ಟೆ ಕೊಳ್ಳುತ್ತಿದ್ದ ಒಳ್ಳೆಯ ಹುಡುಗ, ಬಾಯಿಗೆ ಮಾತ್ರ ಬೀಗವಿಲ್ಲ. ಬಸ್ಸಿನಲ್ಲಿ ಯಾರೋ ಮೊಟ್ಟೆಯ ಮಾತೆತ್ತಿದರಂತೆ. "ದಿಬ್ಬೂರಹಳ್ಳಿ ಕೋನಪ್ಪನ ಮನೇಲಿ ಫಸ್ಟ್ ಕ್ಲಾಸ್ ಮೊಟ್ಟೆ ಸಿಗ್ತವೆ, ಹೋಗಿ" ಎಂದುಬಿಟ್ಟ.

ಈ ಸೀಮೆಯ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಬೇರೆ ಕಡೆ ಮೊಟ್ಟೆ ಎಂದರೆ ಕೋಳಿಯದು. ಇಲ್ಲಿ ಮೊಟ್ಟೆ ಎಂದರೆ ಮೊದಲು ರೇಷ್ಮೆಹುಳದ ಮೊಟ್ಟೆ, ಆಮೇಲೆ ಉಳಿದದ್ದು. 'ನೂರು ಮೊಟ್ಟೆ' ಎಂದರೆ ನೂರು ಚಿಟ್ಟೆಗಳು ಕಾಗದದ ಮೇಲೆ ಇಟ್ಟದ್ದು. ಅದನ್ನು ತಂದು ಮರಿ ಮಾಡಿಸಿದರೆ ಮನೆ ತುಂಬ ಹುಳ. ಗಂಗುಲಮ್ಮ ಇದನ್ನು ತಾಯಿಯ ಹಾಲಿನ ಜೊತೆ ಕಲಿತವಳು. ಆದರೆ ಆ ವಾರ ಅವಳ ತಲೆಯ ತುಂಬ ಒಂಬತ್ತು ಕೋಳಿಗಳ ಕುತ್ತಿಗೆಯೇ ತುಂಬಿಕೊಂಡಿತ್ತು.

ಅಂಬಾಜಿದುರ್ಗದ ಕಡೆಯ ರೈತ ಆವುಲಪ್ಪ ಬಂದಾಗ ಅವಳು ಅಂಗಳ ಗುಡಿಸುತ್ತಿದ್ದಳು. ಕೋನಪ್ಪ ತೋಟಕ್ಕೆ ಹೋಗಿದ್ದ.

"ಕೋನಪ್ಪನವರ ಮನೆ ಇದೇ ಏನಮ್ಮ? ಮೊಟ್ಟೆ ಸಿಗ್ತವಂತೆ, ಬಸ್ಸಿನ ಕಂಡಕ್ಟರ್ ಹೇಳ್ದ."

"ಸಿಗ್ತವಣ್ಣ. ಎಷ್ಟು ಬೇಕು?"

"ನೂರು."

ಪೊರಕೆ ಕೈಯಿಂದ ಜಾರಿತು. "ನೂರಾ!"

"ಯಾಕಮ್ಮ, ನಮ್ ಕಡೆ ನೂರಕ್ಕೆ ಕಮ್ಮಿ ಯಾರು ತರ್ತಾರೆ? ಮನೆ ತುಂಬಾ ಜನ ಇದೀವಿ, ನಿಭಾಯಿಸ್ತೀವಿ."

ಎಂಥ ತಿನ್ನುವ ಮನೆಯಪ್ಪಾ ಎಂದು ಗಂಗುಲಮ್ಮನಿಗೆ ಸಂತೋಷವೇ ಆಯಿತು. "ಹಬ್ಬದ ಹಿಂದಿನ ದಿನ ಬಾ ಅಣ್ಣ, ರೆಡಿ ಮಾಡಿ ಇಟ್ಟಿರ್ತೀನಿ."

"ತಾಯಿಗೆ ರೋಗ ಗೀಗ ಇಲ್ಲ ತಾನೆ?"

"ಒಂದೊಂದೂ ಗುಂಡುಕಲ್ಲು ಇದ್ದಂಗವೆ."

"ಒಡೆದಿರೋವು ಮಾತ್ರ ಕೊಡ್ಬೇಡಮ್ಮ. ದಾರೀಲಿ ಬಿಸಿಲಿಗೆ ಒಡೆದ್ರೂ ಕೆಟ್ಟೆ. ಒದ್ದೆ ಬಟ್ಟೆ ತಂದೇ ಬರ್ತೀನಿ."

ಒದ್ದೆ ಬಟ್ಟೆ ಯಾಕೋ ಎಂದು ಒಂದು ಗಳಿಗೆ ಅನಿಸಿತು. ಮನುಷ್ಯ ಬಲು ಹುಷಾರಿನವನು ಎಂದುಕೊಂಡು ಸುಮ್ಮನಾದಳು. ಅವನು ತಾಯಿ ಎಂದದ್ದು ಮೊಟ್ಟೆಯಿಟ್ಟ ಚಿಟ್ಟೆಗೆ, ಇವಳು ತಿಳಿದದ್ದು ಕೋಳಿಗೆಂದು. ಅವನು ಮೊಟ್ಟೆಯೊಡೆದು ಮರಿ ಬರುವ ಮಾತಾಡಿದ್ದ, ಇವಳಿಗೆ ಕೇಳಿಸಿದ್ದು ಬುಟ್ಟಿಯಲ್ಲಿ ಒಡೆದು ಸೋರುವ ಮೊಟ್ಟೆ.

ಒಂಬತ್ತು ಕೋಳಿ ಅಷ್ಟರೊಳಗೆ ನೂರು ಇಡುತ್ತವೆಯೇ? ಅದರಲ್ಲೂ ಒಂದು ಹುಂಜ, ಇನ್ನೆರಡು ಕಾವಿಗೆ ಕೂತವು. ಗಂಗುಲಮ್ಮ ಮಾನ ಮರ್ಯಾದೆ ಬದಿಗಿಟ್ಟು ಮನೆಮನೆ ತಿರುಗಿದಳು. ಓಬಳಮ್ಮನ ಹತ್ತಿರವೂ ಹೋದಳು. ಬಣವೆಯಲ್ಲಿ ಸಿಕ್ಕಿದ್ದ ತನ್ನದೇ ಕೋಳಿಯ ಮೊಟ್ಟೆಗಳನ್ನು, ಮುಂದೆ ಎರಡರಷ್ಟು ಕೊಡುತ್ತೇನೆಂದು ಹಲ್ಲುಕಚ್ಚಿ ಒಪ್ಪಿ, ಸಾಲವಾಗಿ ತಂದಳು. ಬರುವಾಗ ತನ್ನ ಬಾಗಿಲವರೆಗೂ ಬೈದುಕೊಂಡೇ ಬಂದಳು. ಗಂಡನಿಗೆ ಮಾತ್ರ ಉಸಿರೆತ್ತಲಿಲ್ಲ. ಅವನ ಕಣ್ಣೆದುರೇ ಗಿರಾಕಿ ಬಂದು ನೂರು ಮೊಟ್ಟೆ ಹೊತ್ತೊಯ್ಯಬೇಕು, ಅವನ ಬಾಯಿ ಮುಚ್ಚಬೇಕು. ಅವಳಿಗೆ ಬೇಕಿದ್ದುದು ಅಷ್ಟೇ.

ಹಬ್ಬದ ಹಿಂದಿನ ದಿನ ಆವುಲಪ್ಪ ಬಂದ. ಕೈಯಲ್ಲಿ ಒದ್ದೆ ಬಟ್ಟೆ ಸುತ್ತಿದ ಸಣ್ಣ ಚೀಲ. ಕೋನಪ್ಪ ಜಗಲಿಯ ಮೇಲೆ ಕೂತಿದ್ದ. ಗಂಗುಲಮ್ಮ ರಾಗಿ ಹೊಟ್ಟು ಹಾಸಿ ಜೋಡಿಸಿದ್ದ ಎರಡು ಬುಟ್ಟಿಗಳನ್ನು ತಂದು ಗಿರಾಕಿಯ ಮುಂದಿಟ್ಟಳು.

ಆವುಲಪ್ಪ ಬುಟ್ಟಿ ನೋಡಿದ, ಅವಳ ಮುಖ ನೋಡಿದ, ಮತ್ತೆ ಬುಟ್ಟಿ ನೋಡಿದ.

"ಇದೇನಮ್ಮಾ ಇದು? ಕೋಳಿ ಮೊಟ್ಟೆ!"

"ಮತ್ತಿನ್ನೇನು, ಆನೆ ಮೊಟ್ಟೆ ಕೇಳಿದ್ಯಾ?"

"ನಾನ್ ಕೇಳಿದ್ದು ಹುಳದ ಮೊಟ್ಟೆ ತಾಯೀ! ಸೊಪ್ಪು ತೋಟದಲ್ಲಿ ಬಲಿತು ಹೋಗ್ತಾ ಐತೆ, ಸರ್ಕಾರಿ ರೇಷ್ಮೆ ಕೇಂದ್ರದಲ್ಲಿ ಮೊಟ್ಟೆ ಇಲ್ಲ ಅಂತಾರೆ, ನಿನ್ನನ್ನ ನಂಬ್ಕೊಂಡು ಕೂತಿದ್ದೆ ನಾನು!"

ಕೋನಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನಗು ಶುರುವಾಯಿತು. ಕಂಬ ಹಿಡಿದುಕೊಂಡು ನಕ್ಕ. ಓಬಳಮ್ಮ ಗೋಡೆಯಾಚೆಯಿಂದ ಇಣುಕಿ, "ಅಯ್ಯೋ ದೇವುಡಾ, ನನ್ ಮೊಟ್ಟೆ ಗತಿ ಏನೇ?" ಎಂದಳು. ಅಕ್ಕಪಕ್ಕದವರೂ ಸೇರಿದರು. ಗಂಗುಲಮ್ಮನಿಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ನುಗ್ಗಿ, ಕಣ್ಣಲ್ಲಿ ನೀರು ಬಂತು. ಅಷ್ಟು ಜನರೆದುರು ಕಣ್ಣೀರು ಬಂದಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

"ಆಯ್ತಲ್ಲ ನಿನ್ ವ್ಯಾಪಾರ?" ಕೋನಪ್ಪ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. "ನಾಳಿದ್ದು ತೊಡಕು. ಕತ್ತಿ ಮಸೆದಿಟ್ಟಿದೀನಿ."

"ನಗು, ನಗು," ಎಂದಳು ಗಂಗುಲಮ್ಮ. "ಹೋದ ವರ್ಷ ನಿನ್ ಹುಳಕ್ಕೆ ಸುಣ್ಣಕಟ್ಟು ರೋಗ ಬಂದು ಎರಡು ಬೆಳೆ ತಿಪ್ಪೆಗೆ ಸುರಿದ್ವಲ್ಲ, ಆಗ ನಿನ್ ಮುಂದೆ ನಿಂತು ನಾನು ನಕ್ಕಿದ್ನಾ? ಈ ಹುಳದಿಂದ ಮನೆಗೆ ಏನ್ ಬಂದೈತೆ ತೋರ್ಸು ಅಂತ ಕೇಳಿದ್ನಾ? ಮಾರನೇ ದಿನಾನೇ ಮತ್ತೆ ಸೊಪ್ಪು ಕೊಯ್ಯೋಕೆ ಹೋಗ್ಲಿಲ್ವಾ?"

ಆವುಲಪ್ಪ ಕೆಮ್ಮಿ, ತನ್ನ ಒದ್ದೆ ಚೀಲವನ್ನು ಮಡಿಸಿಟ್ಟುಕೊಂಡು, "ಮನೇಲಿ ಮಗಳು ಬಾಣಂತಿ ಅವ್ಳೆ. ಒಂದು ಡಜನ್ ಕೊಡಮ್ಮ," ಎಂದ. ಉಳಿದವುಗಳನ್ನು ಗಂಗುಲಮ್ಮ ಅವನ ಜೊತೆಯಲ್ಲೇ ಹೊತ್ತು ಹೋಗಿ, ಬಸ್ಸು ನಿಲ್ಲಿಸಿ, ಖಲೀಮುಲ್ಲಾನ ಕಾಲ ಬಳಿ ಇಟ್ಟಳು. "ನಿನ್ ಬಾಯಿಂದ ಆಗಿರೋದು, ನೀನೇ ಮಾರ್ಕೊಂಡು ಬಾ." ಅವನು ಪಿಳಿಪಿಳಿ ನೋಡಿ, "ಆಯ್ತಮ್ಮ, ಬೈಬೇಡಿ, ಹೋಟ್ಲುಗಳಿಗೆ ಹಾಕಿ ಬರ್ತೀನಿ," ಎಂದ. ಹಾಕಿಯೂ ಬಂದ, ಪುಣ್ಯಾತ್ಮ.

ಸಂಜೆ ಹುಳಕ್ಕೆ ಸೊಪ್ಪು ಹಾಕುವ ಹೊತ್ತಾಯಿತು. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಹುಳ, ಇನ್ನು ಕೆಲವೇ ದಿನದಲ್ಲಿ ಗೂಡು ಕಟ್ಟಬೇಕಾದವು, ಒಂದು ಹೊತ್ತು ತಪ್ಪಿದರೂ ತಡೆಯುವುದಿಲ್ಲ. ಗಂಗುಲಮ್ಮ ಹಿತ್ತಲ ಕಲ್ಲಿನ ಮೇಲೆ ಕೂತು ಕೋಳಿಗಳಿಗೆ ನುಚ್ಚು ಎರಚುತ್ತಿದ್ದಳು.

"ಏನೇ, ಸೊಪ್ಪು ಹಾಕಲ್ವಾ? ಹುಳ ಕಾಯ್ತಾವೆ."

"ಹುಳ ನಿಂದು."

"ಅಂದ್ರೆ?"

"ನಿನ್ ಹುಳ ನೀನ್ ನೋಡ್ಕೊ. ನನ್ ಕೋಳಿ ಇನ್ನೆರಡು ದಿನ ಇರ್ತವೆ, ನಾನ್ ನೋಡ್ಕೊಂತೀನಿ."

ಕೋನಪ್ಪ ಕಾಲು ತೊಳೆದುಕೊಂಡ. ಸೊಪ್ಪಿನ ಕುಕ್ಕೆಯನ್ನು ತಾನೇ ಹೊತ್ತು ಒಳಗೆ ಹೋದ. ಸೊಪ್ಪು ಎಷ್ಟು ಹಾಕಬೇಕೆಂದು ತಿಳಿಯದೆ ಎರಡು ಸಲ ಹೊರಗೆ ಬಂದು ಅವಳ ಕಡೆ ನೋಡಿದ. ಅವಳು ತಲೆಯೆತ್ತಲಿಲ್ಲ. ಹಬ್ಬದ ದಿನವೂ ಅವನೇ ಹಾಕಿದ, ಬೆವರಿದ, ಹೋಳಿಗೆಯನ್ನು ಅವಸರದಲ್ಲಿ ತಿಂದ.

ತೊಡಕಿನ ದಿನ ಬೆಳಿಗ್ಗೆ ಅವನು ಎದ್ದು ಹೋಗಿ, ಊರವರು ಸೇರಿ ಕುರಿ ಕೊಯ್ದು ಪಾಲು ಮಾಡುವ ಗುಡ್ಡೆ ಮಾಂಸದಲ್ಲಿ ಒಂದು ಪಾಲು ಮುತ್ತುಗದ ಎಲೆಯಲ್ಲಿ ಕಟ್ಟಿಸಿಕೊಂಡು ಬಂದ. ಓಬಳಮ್ಮ ಗೋಡೆಯಾಚೆ ಕಾದೇ ನಿಂತಿದ್ದಳು.

"ಇದೇನ್ ಕೋನಪ್ಪ, ಕೋಳಿ ಕೊಯ್ತೀನಿ ಅಂದಿದ್ದೆ?"

ಒಳಗೆ ಖಾರ ಅರೆಯುತ್ತಿದ್ದ ಗಂಗುಲಮ್ಮನ ಕೈ ನಿಂತಿತು.

"ಅವು ನನ್ನವಲ್ಲಮ್ಮ," ಎಂದ ಕೋನಪ್ಪ. "ಬೇಕಾದ್ರೆ ಅವಳನ್ನೇ ಕೇಳು."