ಕೋಳಿಗೂಡಿನಲ್ಲಿ ಕೂತ ಬ್ಯಾಟರಿ

ಮೊನ್ನೆ ಮೊಮ್ಮಗಳು ಬಂದು, ತಾನು ಹುಟ್ಟಿದ ಕಾಲದ್ದು ಏನಾದರೂ ಬರೆದುಕೊಡು ಎಂದಳು. ನಾನು ಓದಿದ್ದು ಮೂರನೇ ಕ್ಲಾಸು. ಒತ್ತಕ್ಷರ ಬಂದ ಕಡೆ ಈಗಲೂ ಕೈ ತಡೆಯುತ್ತದೆ. ಆದರೆ ಅವಳು ಹುಟ್ಟಿದ ಸಂಗತಿ ಅಂದರೆ ನನಗೆ ಎದೆಯೊಳಗೆ ಹಾಲು ಉಕ್ಕಿದ ಹಾಗೆ, ಒಲೆಯಿಂದ ಇಳಿಸುವವರು ಯಾರೂ ಇಲ್ಲ. ಬರೆದೇ ಬಿಡುತ್ತೇನೆ. ಅವಳಿಗಿಂತ ಮೊದಲು ನಮ್ಮ ಮನೆಗೆ ಒಂದು ಬ್ಯಾಟರಿ ಬಂತು. ಅಲ್ಲಿಂದಲೇ ಶುರು ಮಾಡಬೇಕು.

ನಮ್ಮದು ಬಿಂಡಿಗನವಿಲೆ ಪಕ್ಕದ ಊರು. ಮಳೆ ಬಂದರೆ ರಾಗಿ, ಬರದಿದ್ದರೆ ಕುರಿ. ಮಗಳನ್ನು ಪಾಂಡವಪುರದ ಕಡೆ ಕ್ಯಾತನಹಳ್ಳಿಗೆ ಕೊಟ್ಟಿದ್ದೆವು. ಅದು ನಾಲೆ ನೀರಿನ ಸೀಮೆ, ಕಬ್ಬು ಮನೆಯ ಹಿತ್ತಿಲವರೆಗೂ ಬಂದು ನಿಂತಿರುತ್ತದೆ. ತೊಂಬತ್ತೈದೋ ತೊಂಬತ್ತಾರೋ ಇರಬೇಕು, ಅವಳಿಗೆ ಏಳು ತಿಂಗಳು ತುಂಬಿತ್ತು. ಮಡಿಲು ತುಂಬಿ, ಚೊಚ್ಚಲ ಹೆರಿಗೆಗೆ ಯಾವತ್ತು ಕಳಿಸುತ್ತೀರಿ ಎಂದು ಕೇಳಲು ನಾನೂ ನನ್ನ ಯಜಮಾನರೂ ಹೋದೆವು. ಬೀಗಿತಿ, ಅಂದರೆ ಅಳಿಯನ ತಾಯಿ, ಎಲೆಗೆ ಸುಣ್ಣ ಹಚ್ಚುತ್ತಾ ಮೆಲ್ಲಗೆ ಮಾತು ತೆಗೆದರು.

"ನಿಮ್ಮೂರಲ್ಲಿ ಸಂಜೆ ಆದ್ಮೇಲೆ ಕರೆಂಟು ಬತ್ತದೇನವ್ವ?"

"ಬತ್ತದೆ ಅಕ್ಕ. ಒಂದೊಂದಿನ ಬತ್ತದೆ."

"ಒಂದೊಂದಿನ ಬರೋ ಕರೆಂಟ್ಗೆ ಬಾಣಂತೀನ ಕಳ್ಸಾನಾ? ಸೀಮೆಣ್ಣೆ ಬುಡ್ಡಿ ಹೊಗೇಲಿ ಎಳೆಕೂಸು ಕೆಮ್ಕಂಡು ಕೂತ್ಕಬೇಕಾ? ಇಲ್ಲೇ ಇರ್ಲಿ ಬುಡಿ. ನೀವೇ ಬಂದು ಓಗಿ ಮಾಡಿ."

ಚೊಚ್ಚಲ ಬಾಣಂತನ ಗಂಡನ ಮನೆಯಲ್ಲಿ! ನನ್ನ ಮಗಳ ತಲೆಗೆ ಯಾರೋ ಎಣ್ಣೆ ಒತ್ತಿ, ಯಾರೋ ನೀರು ಹುಯ್ದು, ನಾನು ಬಸ್ಸಿನಲ್ಲಿ ಹೋಗಿ ನೆಂಟರ ಹಾಗೆ ಕೂಸಿನ ಮುಖ ನೋಡಿ ಬರುವುದೆ? ಮಗಳು ಬಾಗಿಲ ಸಂದಿಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಸೋಲಾರ್ ಲೈಟ್ ಹಾಕುಸ್ತೀವಿ ಅಕ್ಕ. ನೀವೇ ಬಂದು ನೋಡಿ. ಉರುದ್ರೆ ಕಳ್ಸಿ, ಇಲ್ದಿದ್ರೆ ಬ್ಯಾಡ."

ವಾಪಸು ಬರುವಾಗ ನಾಗಮಂಗಲದಲ್ಲಿ ಬಸ್ಸು ಇಳಿಯುವ ಹೊತ್ತಿಗೆ ಯಜಮಾನರು ಕೇಳಿದರು, "ಸೋಲಾರು ಅಂದ್ರೆ ಏನು ಗೊತ್ತೇನಮ್ಮಿ ನಿಂಗೆ?"

"ಬಿಸ್ಲು."

"ಬಿಸ್ಲು ಸಂಜೆ ಮೇಲೆ ಇರ್ತದಾ?"

ಎರಡು ದಿನ ಕಂಡಕಂಡವರನ್ನೆಲ್ಲ ಸೋಲಾರು ಎಲ್ಲಿ ಸಿಗುತ್ತದೆ ಎಂದು ಕೇಳಿದೆ. ಮೂರನೇ ದಿನ ಅವರನ್ನು ಎಬ್ಬಿಸಿಕೊಂಡು ನಾಗಮಂಗಲದ ಬಸ್‌ಸ್ಟ್ಯಾಂಡ್ ಹಿಂದೆ ಸೋಲಾರ್ ಸಾಮಾನು ಮಾರುವ ಅಂಗಡಿಗೆ ಹೋದೆ. ಹೆಂಗಸು ನೀನ್ಯಾಕೆ ಎಂದರು. ಮಾತು ಕೊಟ್ಟವಳು ನಾನಲ್ಲವೆ?

ಅಂಗಡಿಯವರು ಒಳ್ಳೆಯ ಮನುಷ್ಯ. ಬಿಸಿಲು ಹಿಡಿಯುವ ಹಲಗೆಯೇನೋ ಒಂದೇ ಥರದ್ದು, ಸೂರಿನ ಮೇಲೆ ಕೂರಿಸಿದರೆ ಆಯಿತು, ಯೋಚನೆ ಮಾಡಬೇಕಾದದ್ದು ಬ್ಯಾಟರಿ ಎಂದರು. ಹಗಲಿನ ಬಿಸಿಲನ್ನು ಸಂಜೆಗೆ ಎತ್ತಿಡುವುದು ಅದೇ ಅಂತೆ. ಯಜಮಾನರು ತಕ್ಷಣ, "ನಮ್ ಭಾವನ ತಾವ ಟ್ರಾಕ್ಟರ್ ಬ್ಯಾಟ್ರಿ ಒಂದದೆ, ಅದೇ ಸಾಕಲ್ವಾ?" ಎಂದರು.

"ಟ್ರಾಕ್ಟರ್‌ದು ಒಂದೇ ಏಟ್ಗೆ ಇಂಜಿನ್ ಎಬ್ಬುಸ್ಬುಟ್ಟು ಸುಮ್ಕಾಯ್ತದೆ ಕಣಣ್ಣ. ಲೈಟ್ಗೆ ದಿನಾ ಸಂಜೆ ಇಷ್ಟಿಷ್ಟೇ ಕೊಡ್ತಾ ಇರ್ಬೇಕು. ಈ ಕೆಲ್ಸುಕ್ಕೆ ಅದ ಹಾಕುದ್ರೆ ಒಂದೊರ್ಸುಕ್ಕೆ ಮಲಿಕತ್ತದೆ."

ನನಗೆ ತಟ್ಟನೆ ಅರ್ಥವಾಯಿತು. ಹಿಂದಿನ ವರ್ಷ ಮಾರಿದ ನಮ್ಮ ಎಡಗಡೆಯ ಎತ್ತು ಹೀಗೇ ಇತ್ತು. ಗಾಡಿ ಗುಂಡಿಗೆ ಬಿದ್ದರೆ ಒಂದೇ ಎಳೆತಕ್ಕೆ ಮೇಲೆ ತರುತ್ತಿತ್ತು, ಉಳುವುದಕ್ಕೆ ಕಟ್ಟಿದರೆ ಎರಡನೇ ಸಾಲಿಗೆ ಮಂಡಿ ಊರುತ್ತಿತ್ತು. ಹಾಗೆಂದೆ. ಅಂಗಡಿಯವರು ನಕ್ಕು, "ನಿಮ್ ಯಜಮಾನ್ರಿಗಿಂತ ನಿಮ್ಗೇ ಬೇಗ ಗೊತ್ತಾಯ್ತಲ್ಲವ್ವ" ಎಂದರು. ಯಜಮಾನರು ಬೀಡಿ ಹಚ್ಚಲು ಆಚೆ ಹೋದರು.

ಉಳಿದದ್ದು ಎರಡು ಥರ. ಒಂದು ಎತ್ತರದ್ದು, ತಲೆಯ ಮೇಲೆ ಆರು ಬಿರಡೆ. ಬಿರಡೆ ತೆಗೆದು ಆಗಾಗ ಬ್ಯಾಟರಿ ನೀರು ಹಾಕಬೇಕು, ಹಾಕಿ ನೋಡಿಕೊಂಡರೆ ಬಹಳ ವರ್ಷ ಬಾಳುತ್ತದೆ. ಇನ್ನೊಂದು ಬಾಯಿ ಮುಚ್ಚಿದ್ದು. ನೀರು ಕೇಳುವುದಿಲ್ಲ, ಆದರೆ ಆಯಸ್ಸು ಕಡಿಮೆ, ಬೆಲೆ ಜಾಸ್ತಿ, ಬೆಂಗಳೂರಿಗೆ ಹೇಳಿ ತರಿಸಬೇಕು. ಹಸು, ಕುರಿ, ಕೋಳಿಗೆಲ್ಲ ನೀರು ಇಡುವವಳು ನಾನು, ಇದಕ್ಕೆ ಆಗುವುದಿಲ್ಲವೆ ಎಂದು ಎತ್ತರದ್ದನ್ನೇ ಹೇಳಿದೆ. ಎರಡು ಹೋತ ಮಾರಿದ ದುಡ್ಡು ಅಲ್ಲಿಗೆ ಹೋಯಿತು. ಬುಧವಾರ ಬಂದು ಕೂರಿಸುತ್ತೇನೆ ಎಂದರು. ಶನಿವಾರ ಬೀಗಿತಿ ನೋಡಲು ಬರುವವರಿದ್ದರು.

ನಾನು ಬಾಣಂತಿ ಕೋಣೆ ಸಿದ್ಧ ಮಾಡಿದೆ. ಅದು ಮನೆಯ ಹಿಂಬದಿಯ ಕೋಣೆ, ಕಿಟಕಿಯಿಲ್ಲ. ಗಾಳಿ ನುಗ್ಗುವ ಸಂದಿಗೆಲ್ಲ ಹಳೇ ಬಟ್ಟೆ ತುರುಕಿದೆ. ಮಂಚದ ಪಕ್ಕದಲ್ಲಿ ಕೆಂಡ ಹಾಕುವ ಮಣ್ಣಿನ ಕುಂಪಟೆ ಇಟ್ಟೆ. ಬಾಣಂತಿ ಬೆನ್ನು ಕಾಯಿಸುವುದಕ್ಕೆ, ಕೂಸಿನ ತಲೆಗೆ ಸಾಂಬ್ರಾಣಿ ಹೊಗೆ ಕೊಡುವುದಕ್ಕೆ ಮೂರು ತಿಂಗಳು ಅದರಲ್ಲಿ ಕೆಂಡ ಆರಬಾರದು. ಬ್ಯಾಟರಿಗೆ ಮಂಚದ ಕೆಳಗೆ ಜಾಗ ಸಾರಿಸಿದೆ. ಕಳ್ಳರ ಕಾಟವಿಲ್ಲ, ಲೈಟಿಗೂ ಹತ್ತಿರ. ನನ್ನ ಬುದ್ಧಿಗೆ ನಾನೇ ಹಿಗ್ಗಿದ್ದೆ.

ಬುಧವಾರ ಅಂಗಡಿಯವರು ಬ್ಯಾಟರಿ ಹೊತ್ತು ಒಳಗೆ ಬಂದವರು ಕುಂಪಟೆ ನೋಡಿ ನಿಂತರು.

"ಇದೇನವ್ವ?"

"ಬಾಣಂತಿಗೆ ಕೆಂಡ ಹಾಕಾಕೆ."

ಅವರು ಬ್ಯಾಟರಿಯನ್ನು ಹಾಗೇ ಎತ್ತಿಕೊಂಡು ಅಂಗಳಕ್ಕೆ ಹೋಗಿ ಇಳಿಸಿದರು. ಬಿಸಿಲು ಕುಡಿಯುವಾಗ ಈ ಬಿರಡೆಗಳಿಂದ ಒಂದು ಗ್ಯಾಸು ಬರುತ್ತದೆ, ಗಾಳಿಯಾಡುವ ಕಡೆ ಏನೂ ಆಗುವುದಿಲ್ಲ, ಮುಚ್ಚಿದ ಕೋಣೆಯಲ್ಲಿ ಸೇರಿಕೊಂಡು ಕೆಂಡ ಸೋಕಿದರೆ ಸಿಡಿಯುತ್ತದೆ ಎಂದರು. ಮಂಚದ ಕೆಳಗೆ! ನನ್ನ ಕೈಯಾರೆ!

"ಅಂಗಡೀಲೇ ಯೋಳ್ಬಾರ್ದಾ?" ಎಂದೆ.

"ಬ್ಯಾಟ್ರಿ ಪಕ್ದಲ್ಲಿ ಕೆಂಡ ಮಡಗ್ತೀರಾ ಅಂತ ಯಾರನ್ನ ಕೇಳಾನವ್ವ ನಾನು?"

ಯಜಮಾನರು, "ಕೆಂಡ ಬುಟ್ಬುಡು ಅತ್ಲಾಗೆ" ಎಂದರು. ಕೆಂಡವಿಲ್ಲದ ಬಾಣಂತನವೆ? ಬೀಗಿತಿ ಬೆಳಕು ನೋಡಿ ಮೆಚ್ಚಿ, ಕೆಂಡ ಎಲ್ಲಿ ಎಂದು ಕೇಳಿದರೆ ಏನು ಹೇಳಲಿ? ಬಾಯಿ ಮುಚ್ಚಿದ ಬ್ಯಾಟರಿ ತರಿಸಲು ಹದಿನೈದು ದಿನವಂತೆ. ದೂರದ ಕೊಟ್ಟಿಗೆಯಲ್ಲಿಟ್ಟು ತಂತಿ ಎಳೆದರೆ ಬೆಳಕು ದಾರಿಯಲ್ಲೇ ಸೊರಗುತ್ತದಂತೆ. ಜಗಲಿಯ ಮೇಲೆ ಬಿಟ್ಟರೆ ಬೆಳಗಾಗುವುದರೊಳಗೆ ಯಾರದೋ ಪಾಲು. ನಾನು ಅಂಗಳಕ್ಕೂ ಕೋಣೆಗೂ ಎಷ್ಟು ಸಲ ತಿರುಗಿದೆನೋ, ಕೊನೆಗೆ ಯಜಮಾನರು, "ಒಂದ್ಕಡೆ ನಿಂತ್ಕ, ನೋಡಿ ನಂಗೇ ತಲೆ ತಿರುಗ್ತದೆ" ಎಂದರು.

ಆಗ ಕಾಲಿಗೆ ಕೋಳಿ ಸಿಕ್ಕಿತು. ಬಾಣಂತಿ ಕೋಣೆಯ ಹೊರಗೋಡೆಗೇ ಅಂಟಿಕೊಂಡು ನಮ್ಮ ಕೋಳಿಗೂಡು ಇತ್ತು. ಕೆಳಗೆ ಕಲ್ಲು ಚಪ್ಪಡಿ, ಮೇಲೆ ಹೆಂಚು, ಮೂರು ಕಡೆ ಗಾಳಿಯಾಡುವ ಹಾಗೆ ಮರದ ಪಟ್ಟಿ. ಕಾಡುಬೆಕ್ಕಿನ ಕಾಟಕ್ಕೂ ಕಳ್ಳರ ಕಾಟಕ್ಕೂ ಅದಕ್ಕೆ ಬೀಗ ಬೇರೆ. ಗೋಡೆಯಲ್ಲಿ ಒಂದು ತೂತು ಕೊರೆದರೆ ತಂತಿ ಮೊಳದುದ್ದ ಸಾಕು ಎಂದು ತೋರಿಸಿದೆ.

ಅಂಗಡಿಯವರು ಬಗ್ಗಿ ಒಳಗೆ ನೋಡಿದರು, ಸುತ್ತ ಬಂದರು. "ಇದ್ಕಿಂತ ಒಳ್ಳೇ ಜಾಗ ಇಲ್ಲ ಕಣವ್ವ. ತೂತ ಮಾತ್ರ ಗ್ಯಾಸು ಒಳಿಕ್ಕೆ ಬರ್ದಂಗೆ ಮಣ್ಣಾಕಿ ಮೆತ್ಬುಡಿ."

"ಕೋಳಿಗಳು?" ಎಂದರು ಯಜಮಾನರು.

"ಮಂಕ್ರಿ ಕೆಳಗೆ ನಡುಮನೇಲಿ ಮಲಗ್ಲಿ. ನಿಮ್ ಜೊತೆ" ಎಂದೆ.

ಗೂಡು ತೊಳೆದು, ಸುಣ್ಣ ಬಳಿದು, ಬ್ಯಾಟರಿ ಕೂರಿಸಿದರು. ಹೊಸ ಸಾಮಾನಿಗೆ ಅರಿಶಿನ ಕುಂಕುಮ ಇಟ್ಟೆ. ಕರ್ಪೂರ ಮಾತ್ರ ದೂರದ ತುಳಸಿ ಕಟ್ಟೆಯಲ್ಲಿ ಹಚ್ಚಿ, ಅಲ್ಲಿಂದಲೇ ಕೈ ಮುಗಿದೆ.

ಗುರುವಾರ, ಶುಕ್ರವಾರ ಬಿಸಿಲಿತ್ತು. ಶನಿವಾರ ಬೆಳಿಗ್ಗೆಯೇ ಮೋಡ. ಬೀಗಿತಿ ಮಧ್ಯಾಹ್ನದ ಬಸ್ಸಿಗೆ ಬಂದರು. ಊಟವಾಯಿತು, ಎಲೆ ಅಡಿಕೆಯಾಯಿತು. ನಾನು ಮಾತಾಡುತ್ತಾ ಮಾತಾಡುತ್ತಾ ಎದ್ದು ಹೋಗಿ ಆಕಾಶ ನೋಡಿ ಬರುತ್ತಿದ್ದೆ. ಅವರು ಹಿತ್ತಿಲಿಗೆ ಬಂದವರು ಗೂಡಿನ ಮುಂದೆ ನಿಂತರು.

"ಇದೇನವ್ವ, ಬ್ಯಾಟ್ರಿ ಕೋಳಿಗೂಡಲ್ಲಿ, ಕೋಳಿ ನಡುಮನೇಲಿ? ನೀವ್ ಗಂಡ ಎಂಡ್ತಿ ಎಲ್ಲಿ ಮಲಗ್ತೀರಿ?"

ನಾನು ಮುಚ್ಚುಮರೆ ಮಾಡದೆ ಮಂಚದ ಕೆಳಗೆ ಜಾಗ ಮಾಡಿದ್ದರಿಂದ ಹಿಡಿದು ಎಲ್ಲ ಹೇಳಿದೆ. ಅವರು ನಗಲಿಲ್ಲ. ಹೊತ್ತು ಮುಳುಗುವವರೆಗೂ ಕೋಣೆಯ ಬಾಗಿಲಲ್ಲೇ ಕೂತರು. ಊರಲ್ಲಿ ಕರೆಂಟಿರಲಿಲ್ಲ. ಸ್ವಿಚ್ಚಿನ ಮೇಲೆ ಬೆರಳಿಟ್ಟು ಒತ್ತಿದೆ. ಪುಟ್ಟ ಟ್ಯೂಬು ಎರಡು ಸಲ ಮಿಟುಕಿ, ಬೆಳ್ಳಗೆ ಹತ್ತಿಕೊಂಡಿತು. ಗೋಡೆಯ ಸುಣ್ಣ, ಮಂಚದ ಹಗ್ಗ, ಕುಂಪಟೆಯ ಅಂಚು, ಎಲ್ಲ ಕಂಡವು.

ಬೀಗಿತಿ ಟ್ಯೂಬಿನ ಕಡೆ ಒಂದು ಸಲ ನೋಡಿ, ಕುಂಪಟೆಯೊಳಗೆ ಕೈಯಾಡಿಸಿದರು.

"ಲೈಟ್ ಬಂದ್ಮೇಲೆ ಕೆಂಡ ಬ್ಯಾಡ ಅಂತೀರೇನೋ ಅಂತಿದ್ದೆ ಕಣವ್ವ. ಕೆಂಡುಕ್ಕೋಸ್ಕರ ಕೋಳಿ ಎಬ್ಬುಸ್ದೋಳು ನನ್ ಸೊಸೇನೂ ನೋಡ್ಕತ್ತೀಯ. ಗುರುವಾರ ಬಂದು ಕರ್ಕಂಡೋಗಿ. ಸುಕ್ರವಾರ ಕಳ್ಸಾಕಿಲ್ಲ."

ಗುರುವಾರ ಕರೆದುಕೊಂಡು ಬಂದೆವು. ಎರಡು ತಿಂಗಳಿಗೆ ನಾಗಮಂಗಲದ ಆಸ್ಪತ್ರೆಯಲ್ಲಿ ಹೆರಿಗೆಯಾಗಿ, ನಾಲ್ಕನೇ ದಿನ ಸಂಜೆ ಕೂಸು ಮನೆಗೆ ಬಂತು. ಲೈಟು ಹಾಕಿ ಕೂತೆ, ಎದ್ದೆ, ಗೂಡಿನ ಬೀಗ ಮುಟ್ಟಿ ನೋಡಿ ಬಂದೆ. ಹಳೇ ಮನೆ ಮರೆಯದ ಹೇಂಟೆಯೊಂದು ಹೆಂಚಿನ ಮೇಲೆ ಮುನಿಸಿಕೊಂಡು ಕೂತಿತ್ತು. ಮತ್ತೆ ಎದ್ದಾಗ ಮಗಳು, "ಸುಮ್ಕೆ ಕೂತ್ಕವ್ವ, ಅದೆಲ್ಲೂ ಓಗಾಕಿಲ್ಲ" ಎಂದಳು. ಕೂತು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡೆ. ಬುಡ್ಡಿ ಬೆಳಕಿನಲ್ಲಿ ಮಗಳನ್ನು ಸಾಕಿದವಳು ನಾನು. ಕತ್ತಲಾದ ಮೇಲೆ ಒಂದು ಕೂಸಿನ ರೆಪ್ಪೆಯ ಕೂದಲು ಎಣಿಸುವಷ್ಟು ಕಂಡದ್ದು ಅದೇ ಮೊದಲು. ಯಜಮಾನರನ್ನು ಕೂಗಿದೆ.

"ಬನ್ನಿ ಇಲ್ಲಿ, ಮೂಗು ನಿಮ್ದೇ."

"ಬೆಳಿಗ್ಗೆ ನೋಡಿದ್ರಾಗಕಿಲ್ವಾ?"

"ಈಗ್ಲೇ ಕಾಣ್ತಾ ಅದಲ್ಲ" ಎಂದೆ.