ಇನ್ನೂರ ನಲವತ್ತನೆಯ ಲೋಟ

ಬೆಳಿಗ್ಗೆ ಲೋಟ ತೊಳೆಯುತ್ತಿದ್ದಾಗ ಅಂಚಿನ ಕೆಳಗೆ ಕೊರೆದ ಅಕ್ಷರಗಳು ಬೆರಳಿಗೆ ತಾಗಿದವು. ಮೇಲೆ ‘ಪುಟ್ಟತಾಯಮ್ಮ’, ಅದರಡಿ ನನ್ನ ಹೆಸರು. ಎರಡನೆಯದು ಹೇಗೆ ಬಂತೆಂದು ಹೇಳಲೇ?

ಕಳೆದ ವರ್ಷ ಗುಂಡ್ಲುಪೇಟೆಯ ನಮ್ಮ ಬೀದಿಯವರು ಸೇರಿ ಪರಿಸರ ಹಬ್ಬ ಮಾಡಿದೆವು. ಕಸವೇ ಉಳಿಯದ ಹಬ್ಬ ಎಂದು ಊರಿಗೆಲ್ಲ ಸಾರಿದ್ದೆವು. ಊಟಕ್ಕೆ ಬಾಳೆ ಎಲೆ ಸರಿ, ಪಾನಕಕ್ಕೆ, ಕಾಫಿಗೆ? ಮನೆಮನೆಯ ಸ್ಟೀಲ್ ಲೋಟ ತರೋಣ ಎಂದವಳು ನಾನೇ. ಹಾಲಿನವರು ಬಂದ ಹೊತ್ತನ್ನೂ ದಿನಚರಿಯಲ್ಲಿ ಬರೆದಿಡುವವಳಾದ್ದರಿಂದ ಲೆಕ್ಕದ ಹೊಣೆಯೂ ನನಗೇ ಬಿತ್ತು. ಹೇಗೂ ನಮ್ಮಲ್ಲಿ ಪಾತ್ರೆಯ ಮೇಲೆ ಹೆಸರು ಕೊರೆಸುವ ರೂಢಿ. ಮರಳಿಸುವುದೇನು ಮಹಾ ಎಂದುಕೊಂಡಿದ್ದೆ.

ಎದುರುಮನೆಯ ಪುಟ್ಟತಾಯಮ್ಮ ತವರಿನಿಂದ ತಂದ ಆರು ಲೋಟಗಳನ್ನು ಸೆರಗಿನಲ್ಲಿ ಒರೆಸಿ ಒರೆಸಿ ಕೊಟ್ಟರು. “ನಮ್ಮವ್ವ ಕೊಟ್ಟಿದ್ದು ಕಣಮ್ಮಿ. ಒಂದು ಕಳುದ್ರೂ ಮುಂದಿನ್ ಸಲ ಈ ಬೀದೀಲಿ ಯಾರೂ ಒಂದ್ ಚಮಚಾನೂ ಕೊಡಕಿಲ್ಲ. ನಾನೇ ಕೊಡಕ್ ಬುಡಕಿಲ್ಲ!”

ಹಬ್ಬ ಚೆನ್ನಾಗಿಯೇ ನಡೆಯಿತು. ಎಲೆ, ಸಿಪ್ಪೆ ಗೊಬ್ಬರದ ಗುಂಡಿಗೆ ಹೋದವು; ಉಳಿದ ಕಸ ಒಂದು ಕೈಚೀಲವನ್ನೂ ತುಂಬಲಿಲ್ಲ. ಸಂಜೆ ಲೋಟ ಎಣಿಸಿದೆ. ತಂದದ್ದು ಇನ್ನೂರ ನಲವತ್ತು, ಇದ್ದದ್ದು ಇನ್ನೂರ ಮೂವತ್ತೊಂಬತ್ತು. ಹೆಸರು ಓದುತ್ತ ಹೋದರೆ ಪುಟ್ಟತಾಯಮ್ಮನವರವು ಐದೇ! ಸಿಪ್ಪೆಯ ಗುಂಡಿಗೂ ಕೈ ಹಾಕಿ ತಡಕಿದೆ. ಅಡುಗೆಯ ಮಾದೇವಣ್ಣ ಸೌಟು ತೊಳೆಯುತ್ತಲೇ ಚುಚ್ಚಿದರು: “ಪೇಪರ್ ಲೋಟ ತಂದಿದ್ರೆ ಕುಡುದು ಬಿಸಾಕಿ, ಇಷ್ಟೊತ್ಗೆ ಎಲ್ರೂ ಮನೇಲಿರ್ಬೋದಿತ್ತು.”

ಸೋತ ಮುಖ ಹೊತ್ತು ನನ್ನ ಲೆಕ್ಕದ ಮೇಜಿಗೆ ಮರಳಿ, ಪೆನ್ನು ತೆಗೆದು, ಪಟ್ಟಿಯಲ್ಲಿ ‘ಒಂದು ಕಾಣೆ’ ಎಂದು ಬರೆದೆ. ಪಕ್ಕದಲ್ಲೇ ನಿಂತಿದ್ದ ಪುಟ್ಟತಾಯಮ್ಮ ಕೇಳಿದರು: “ಆ ಪೆನ್ನ ಯಾವುದ್ರಿಂದ ತಗ್ದೆ ಕಣಮ್ಮಿ?”

ಅವರ ಲೋಟದಿಂದ. ಬೀದಿಯ ಲೋಟಗಳನ್ನೆಲ್ಲ ಪಟ್ಟಿಯಲ್ಲಿ ಗುರುತು ಹಾಕಿದ ನನ್ನ ನಾಲ್ಕು ಪೆನ್ನುಗಳನ್ನು ಬೆಳಿಗ್ಗೆ ನಾನೇ ಅದರಲ್ಲಿ ನಿಲ್ಲಿಸಿದ್ದೆ.

ಮಾದೇವಣ್ಣ ಸೌಟು ಬಿಟ್ಟು ನಕ್ಕರು. “ಇನ್ನೂರ ನಲವತ್ತು!” ಎಂದು ನಾನು ಕೂಗಿದ್ದು ಬೀದಿಯ ಕೊನೆಗೂ ಕೇಳಿಸಿತಂತೆ. ಪುಟ್ಟತಾಯಮ್ಮ ಆ ಲೋಟವನ್ನು ಒಯ್ದವರು, ವಾರದ ಬಳಿಕ ನನ್ನ ಹೆಸರನ್ನೂ ಕೊರೆಸಿ ತಂದುಕೊಟ್ಟರು. “ಮಡೀಕೊ. ಪೆನ್ನಿಗಲ್ಲ, ಕಾಫಿಗೆ.”

ಈಗ ಚಾಮರಾಜನಗರದಲ್ಲೂ ಅಂಥದೇ ಹಬ್ಬ; ಅವರು ನಮ್ಮ ಲೋಟಗಳನ್ನು ಕೇಳಿದ್ದಾರೆ. ನಾನು ಬಾಗಿಲು ತಟ್ಟುವ ಮೊದಲೇ ಬೀದಿಯವರು ಬುಟ್ಟಿ ತುಂಬಿಸಿ ನಮ್ಮ ಜಗಲಿಯ ಮೇಲಿಟ್ಟು ಹೋಗಿದ್ದಾರೆ. ಮಾದೇವಣ್ಣನದೂ ಒಂದು ಬುಟ್ಟಿ ಇದೆ. ಒದ್ದೆ ಲೋಟ ಒರೆಸಿ ಅವುಗಳ ಜೊತೆಗಿಟ್ಟು, ಪಟ್ಟಿಯ ಮೊದಲ ಸಾಲಿನಲ್ಲಿ ನನ್ನ ಹೆಸರು ಬರೆದೆ: ಲೋಟ, ಒಂದು.

ಪೆನ್ನನ್ನು ತುರುಬಿಗೆ ಸಿಕ್ಕಿಸಿಕೊಂಡೆ.