ಮಲ್ಲಿಗೆ ಎಣ್ಣೆಯ ಎರಡನೆಯ ಬಾಟ್ಲಿ

ಸೆಂಟು ಮಾಡಲು ಸ್ಪಿರಿಟ್ ಬೇಕು ಎಂದು ಮೊಬೈಲಿನ ವಿಡಿಯೋದಲ್ಲಿದ್ದ ಹೆಂಗಸು ಹೇಳಿದಳು. ಅಪ್ಪ ದೇವಸ್ಥಾನದ ಅರ್ಚಕರು. ನಮ್ಮ ಮನೆಯೊಳಗೆ ಸ್ಪಿರಿಟ್ ತರುವುದೆಂದರೆ ಮೀನು ತಂದಷ್ಟೇ ದೊಡ್ಡ ಅಪರಾಧ. ಹಾಗಾಗಿ ತೆಂಗಿನೆಣ್ಣೆ ತೆಗೆದುಕೊಂಡೆ. ತಲೆಗೆ, ದೋಸೆಗೆ, ದೀಪಕ್ಕೆ, ಕಿರುಗುಟ್ಟುವ ಬಾಗಿಲಿಗೆ ಆಗುವ ಎಣ್ಣೆ ಸೆಂಟಿಗೆ ಆಗದೇ ಇರುತ್ತದೆಯೇ? ಹೂವಿಗೆ ಬರಗಾಲವಿರಲಿಲ್ಲ. ದೇವರ ಮೇಲಿಂದ ತೆಗೆದ ಮಲ್ಲಿಗೆಯನ್ನು ಅಪ್ಪ ಬಾಳೆಲೆಯಲ್ಲಿ ಕಟ್ಟಿ ತರುತ್ತಿದ್ದರು, ಅಭಿಷೇಕದ ನೀರಿನ ಪಸೆ ಇನ್ನೂ ಆರಿರುತ್ತಿರಲಿಲ್ಲ. ಹೂವಿನಲ್ಲಿ ನೀರು ಇರಬಾರದು, ಒಂದು ದಿನ ಬಿಟ್ಟು ಸೋಸಿ ಹೂವನ್ನು ಬಿಸಾಡಬೇಕು ಎಂದೂ ಆ ಹೆಂಗಸು ಹೇಳಿದ್ದಳು. ಅಮ್ಮ ಬಿಟ್ಟರೆ ತಾನೇ?

"ದೇವರ ಹೂ ಬಿಸಾಡುದಾ? ಎಂತ ಬುದ್ಧಿ ನಿನಗೆ? ಎಣ್ಣೆ ಹೂ ಗಿಡದ ಬುಡಕ್ಕೆ ಹಾಕಿದ್ರೆ ಗಿಡ ಸಾಯ್ತದೆ, ಕಸಕ್ಕೆ ಹಾಕಿದ್ರೆ ಪಾಪ ಬರ್ತದೆ. ಅದರಲ್ಲೇ ಇರ್ಲಿ. ದೇವರ ಹೂ ಹಾಳಾಗುದುಂಟಾ?"

ಹೂ ಎಣ್ಣೆಯಲ್ಲೇ ಉಳಿಯಿತು. ಮೊದಲ ವಾರ ಎಂಥ ಪರಿಮಳ ಅದು! ನನಗೆ ನನ್ನ ಮೇಲೆಯೇ ಹೆಮ್ಮೆ ಬಂತು.

ನಾನಾಗ ಬಿಜೈಯ ಒಂದು ಟ್ರಾವೆಲ್ ಆಫೀಸಿನಲ್ಲಿ ಗಲ್ಫಿಗೆ ಹೋಗುವವರ ಟಿಕೇಟು ಮಾಡುತ್ತಿದ್ದೆ. ನನಗಿಂತ ಎರಡು ವರ್ಷ ತಡವಾಗಿ ಸೇರಿದ, ಹೊಳೆಯಾಚೆಯ ಮೀನುಗಾರರ ಊರು ಬೆಂಗ್ರೆಯ ಹುಡುಗಿಯನ್ನು ಬಾಸ್ ಗಿರಾಕಿಗಳ ಎದುರಿನ ಕೌಂಟರಿನಲ್ಲಿ ಕೂರಿಸಿದರು. ತುಳು, ಕೊಂಕಣಿ, ಬ್ಯಾರಿ ಮೂರೂ ಅವಳಿಗೆ ನೀರು ಕುಡಿದಷ್ಟು ಸಲೀಸು. ನಾನು ಕಿಟಕಿಯಿಲ್ಲದ ಹಿಂದಿನ ಕೋಣೆಯಲ್ಲಿ, ಪ್ರಿಂಟರಿನ ಜೊತೆ. ನನಗೆ ಹೊಟ್ಟೆಕಿಚ್ಚಿತ್ತು, ಈಗ ಸುಳ್ಳು ಹೇಳಿ ಪ್ರಯೋಜನವಿಲ್ಲ. ಅವಳಿಗೋ ನನ್ನ ಮೇಲೆ ಪ್ರೀತಿ. ನನಗೆ ಮೀನು ಆಗುವುದಿಲ್ಲವೆಂದು ತನ್ನ ಬುತ್ತಿಯನ್ನು ಹೊರಗೆ ಮೆಟ್ಟಿಲ ಮೇಲೆ ಕುಳಿತು ಉಣ್ಣುತ್ತಿದ್ದಳು. ಒಳಗೆ ಬಾ ಎಂದು ನಾನು ಒಂದು ದಿನವೂ ಕರೆಯಲಿಲ್ಲ.

ಚಿಕ್ಕ ಬಾಟ್ಲಿಗೆ ಎಣ್ಣೆ ತುಂಬಿಸಿ ಅವಳಿಗೆ ಕೊಟ್ಟೆ. "ನಾನೇ ಮಾಡಿದ ಸೆಂಟು. ನಿನಗೆ ಬೇಕಾಗ್ತದೆ" ಎಂದೆ. ಮಾತಿನೊಳಗಿನ ಮುಳ್ಳು ಅವಳಿಗೆ ತಾಗಲೇ ಇಲ್ಲ.

"ದೇವರ ಹೂವಿಂದಾ? ನನಗಾ? ಎಂತ ಪರಿಮಳ ಮಾರಾಯ್ತಿ!" ಎಂದು ಅಲ್ಲೇ ಕಿವಿಯ ಹಿಂದೆ, ಮಣಿಕಟ್ಟಿಗೆ ಹಚ್ಚಿಕೊಂಡಳು. ಆಮೇಲೆ ದಿನವೂ ಹಚ್ಚಿಕೊಂಡೇ ಬಂದಳು.

ಎರಡನೆಯ ವಾರ ಮನೆಯಲ್ಲಿ ದೊಡ್ಡ ಬಾಟ್ಲಿಯ ಮುಚ್ಚಳ ತೆಗೆದರೆ ಮುಖಕ್ಕೆ ಹೊಡೆದದ್ದು ಮುಸುರೆ ನೀರಿನ ವಾಸನೆ. ಹೂ ಕಪ್ಪಾಗಿತ್ತು, ಎಣ್ಣೆ ಕಮಟಾಗಿತ್ತು. ಹೂವಿನಿಂದ ನಾರು ಸ್ವರ್ಗಕ್ಕೆ ಹೋಗುತ್ತದಂತೆ. ನಮ್ಮ ಮನೆಯಲ್ಲಿ ಹೂವಿನಿಂದ ಒಳ್ಳೆಯ ಗಾಣದ ಎಣ್ಣೆ ನರಕಕ್ಕೆ ಹೋಯಿತು. ನಾಳೆಯೇ ಅವಳಿಗೆ ಹೇಳಬೇಕು ಎಂದುಕೊಂಡೆ. ಆ ಕ್ಷಣಕ್ಕೆ ಅದು ನಿಜವಾದ ಯೋಚನೆಯೇ ಆಗಿತ್ತು.

ಮರುದಿನ ದೋಣಿಯಲ್ಲಿ ಹೊಳೆ ದಾಟಿ, ಬಸ್ಸಿನಲ್ಲಿ ಬೆವೆತು ಅವಳು ಬಂದು ಕುಳಿತಾಗ ಎ.ಸಿ. ಹಾಕಿ ಮುಚ್ಚಿದ ಮುಂದಿನ ಕೋಣೆ ನಾರಿತು. ಟಿಕೇಟಿಗೆ ಬಂದ ಹೆಂಗಸೊಬ್ಬಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಬಾಸ್ ಹಿಂದಿನ ಕೋಣೆಗೆ ಬಂದು ನನ್ನನ್ನು ಕೇಳಿದರು.

"ಎಂತ ವಾಸನೆ ಅದು? ನಿಮಗೆ ಗೊತ್ತುಂಟಾ?"

ನನಗೆ ಗೊತ್ತಿತ್ತು. ಇಡೀ ಆಫೀಸಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

"ಅವಳು ಬೆಂಗ್ರೆಯಿಂದ ಬರುದಲ್ವಾ ಸರ್" ಎಂದೆ.

ಅಷ್ಟೇ. ಇದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ ಎಂದು ಆ ದಿನ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ, ಅರ್ಚಕರ ಮಗಳಲ್ಲವೇ. ಎರಡು ದಿನ ನೋಡಿ ಬಾಸ್ ನಮ್ಮಿಬ್ಬರ ಕುರ್ಚಿ ಅದಲುಬದಲು ಮಾಡಿದರು. ಮೀನಿನ ವಾಸನೆಯ ಬಗ್ಗೆ ಗಿರಾಕಿಗಳು ಹೇಳ್ತಾರೆ, ಬೇಜಾರು ಮಾಡಬೇಡ ಎಂದು ಅವಳಿಗೆ ಎಲ್ಲರೆದುರೇ ತಿಳಿಹೇಳಿದರು. ನಾನು ಕೌಂಟರಿನ ಮೇಲಿನ ಪೆನ್ನುಗಳನ್ನು ಜೋಡಿಸುತ್ತಿದ್ದೆ. ಕುರ್ಚಿ ಚೆನ್ನಾಗಿತ್ತು, ಗಾಜಿನಾಚೆ ರಸ್ತೆ ಕಾಣುತ್ತಿತ್ತು.

ಮೂರು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಪ್ರಿಂಟ್ ತರಲು ಹಿಂದಿನ ಕೋಣೆಗೆ ಹೋದೆ. ಅವಳು ಸೊರಗಿದ್ದಳು. ಮೂಲೆಯಲ್ಲಿ ಗೋಡೆಗೆ ಒತ್ತಿಕೊಂಡು ಕುಳಿತಿದ್ದಳು, ಯಾರಿಗೂ ತಾಗಬಾರದು ಎಂಬಂತೆ.

"ಮೀನು ಮುಟ್ಟದೆ ಮೂರು ವಾರ ಆಯ್ತು" ಎಂದಳು. "ಮನೆಯಲ್ಲಿ ಅಮ್ಮ ಕೂಗ್ತಾರೆ, ನಮ್ಮ ಅನ್ನ ನಿನಗೆ ಹೇಸಿಗೆ ಆಯ್ತಾ ಅಂತ. ಎರಡೆರಡು ಸಲ ಸ್ನಾನ ಮಾಡ್ತೇನೆ. ನಿನ್ನ ಎಣ್ಣೆ ಜಾಸ್ತಿ ಜಾಸ್ತಿ ಹಚ್ಚಿಕೊಂಡು ಬರ್ತೇನೆ. ಆದ್ರೂ ಹೋಗುದಿಲ್ಲ. ಈಗ ನನಗೂ ವಾಸನೆ ಬರ್ತದೆ, ಎಣ್ಣೆ ಮೂಸಿದ್ರೂ ಮೂಗಿಗೆ ಅದೇ ಬರ್ತದೆ. ನನ್ನ ಮೈಯದ್ದೇ ಇರ್ಬೇಕು, ಅಲ್ವಾ?"

ಬ್ಯಾಗಿನಿಂದ ಚಿಕ್ಕ ಬಾಟ್ಲಿ ತೆಗೆದು ತೋರಿಸಿದಳು. ತಳದಲ್ಲಿ ಒಂದು ಹನಿಯೂ ಇರಲಿಲ್ಲ.

"ಇನ್ನು ಸ್ವಲ್ಪ ಉಂಟಾ? ನೀನಾದ್ರೂ ಹತ್ತಿರ ಬಂದು ಮಾತಾಡ್ತೀಯಲ್ಲ, ಅದಕ್ಕೆ ಕೇಳಿದೆ."

ಒಂದು ಮಾತು ಸಾಕಿತ್ತು. ಅದು ನಿನ್ನದಲ್ಲ, ನನ್ನದು ಎಂದರೆ ಮುಗಿಯುತ್ತಿತ್ತು. ಆದರೆ ಹೇಳಿದರೆ ಅವಳು ಮುಂದೆ ಹೋಗುತ್ತಾಳೆ, ನಾನು ಈ ಕೋಣೆಗೆ ಬರುತ್ತೇನೆ. ಕೌಂಟರಿನಿಂದ ಯಾರೋ "ಮೇಡಂ" ಎಂದು ನನ್ನನ್ನು ಕರೆದರು.

"ಉಂಟು. ನಾಳೆ ತರ್ತೇನೆ" ಎಂದೆ.

ಆ ಸಂಜೆ ಉಸಿರು ಬಿಗಿಹಿಡಿದು ದೊಡ್ಡ ಬಾಟ್ಲಿ ಬಗ್ಗಿಸಿದೆ. ಕೊಳೆತ ಹೂ ಅವಳ ಕಣ್ಣಿಗೆ ಬೀಳಬಾರದೆಂದು, ವಿಡಿಯೋದ ಹೆಂಗಸು ಹೇಳಿದ ಹಾಗೆ ಬಿಳಿ ಬಟ್ಟೆಯಲ್ಲಿ ಎರಡು ಸಲ ಸೋಸಿದೆ. ಅಮ್ಮ ನೋಡದಂತೆ ದೇವರ ಹೂವನ್ನು ಕಸದ ಬುಟ್ಟಿಗೆ ಹಾಕಿದೆ. ಮರುದಿನ ಬಾಟ್ಲಿ ಕೊಟ್ಟಾಗ ಅವಳು ಎರಡೂ ಕೈ ಒಡ್ಡಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು.